ಮೊಣಕಾಲಿನ ಸವೆತಕ್ಕೆ ವ್ಯಾಯಾಮವೇ ಮೊದಲ ಮದ್ದು

ಶ್ರೀರಂಗಪಟ್ಟಣ, ಪಾಂಡವಪುರಗಳ ಗದ್ದೆಬಯಲಿನಲ್ಲಿ ಭತ್ತದ ನಾಟಿ, ಕಬ್ಬಿನ ಕಟಾವು. ಕೃಷ್ಣರಾಜಪೇಟೆ, ನಾಗಮಂಗಲಗಳ ಹೊಲಗಳಲ್ಲಿ ರಾಗಿಯ ಕೆಲಸ. ಬಾಗುವುದು, ಕುಕ್ಕರುಗಾಲಿನಲ್ಲಿ ಕೂರುವುದು, ಹೊರೆ ಹೊರುವುದು ಈ ಭಾಗದ ಭಕ್ತರ ನಿತ್ಯದ ಕಾಯಕ. ಐವತ್ತು ದಾಟಿದವರಲ್ಲಿ, ಅದರಲ್ಲಿಯೂ ತಾಯಂದಿರಲ್ಲಿ, ಮೊಣಕಾಲು ನೋವು ಸಾಮಾನ್ಯ. ಪೂಜೆಗೆ ನೆಲದ ಮೇಲೆ ಕುಳಿತರೆ ಏಳಲಾಗದು. ಮೇಲುಕೋಟೆಯ ಬೆಟ್ಟವನ್ನು ಕೆಳಗಿನಿಂದಲೇ ನೋಡಿ ಕೈಮುಗಿಯಬೇಕಾಗುತ್ತದೆ.

ಕೀಲಿನ ಎಲುಬುಗಳ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿಯು ತೆಳುವಾಗಿ, ಇಡೀ ಕೀಲು ಬಾಧೆಗೊಳಗಾಗುವುದೇ ಸಂಧಿಸವೆತ. ‘ಸವೆದ ಕಾಲನ್ನು ನಡೆಸಿದರೆ ಇನ್ನಷ್ಟು ಸವೆಯುತ್ತದೆ’ ಎಂದು ಹಲವರು ಹಾಸಿಗೆ ಹಿಡಿಯುತ್ತಾರೆ. ಆದರೆ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ; ಚಲನೆಯಿಂದ ಕೀಲು ಒತ್ತಿ ಸಡಿಲಗೊಂಡಾಗ ಕೀಲಿನ ದ್ರವದಿಂದಲೇ ಅದಕ್ಕೆ ಪೋಷಣೆ ದೊರೆಯುತ್ತದೆ. ವಿಶ್ರಾಂತಿ ಅತಿಯಾದರೆ ತೊಡೆಯ ಸ್ನಾಯುಗಳು ಸೊರಗಿ, ನೋವು ಹೆಚ್ಚುತ್ತದೆ. ಬ್ರಿಟನ್ನಿನ ‘ನೈಸ್’ ಸಂಸ್ಥೆಯ 2022ರ ಮಾರ್ಗಸೂಚಿಯೂ ಸಂಧಿಸವೆತವುಳ್ಳ ಎಲ್ಲರಿಗೂ ಚಿಕಿತ್ಸಾ ವ್ಯಾಯಾಮವನ್ನು ಸೂಚಿಸುತ್ತದೆ.

ಮನೆಯಲ್ಲಿಯೇ ಮಾಡಬಹುದಾದ ಮೂರು ವ್ಯಾಯಾಮಗಳು:

1. ಕಾಲು ಚಾಚಿ, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇರಿಸಿ 5 ಸೆಕೆಂಡು ಒತ್ತಿ ಬಿಡಿ.
2. ಅಂಗಾತ ಮಲಗಿ ಒಂದು ಕಾಲನ್ನು ಮಡಿಸಿ, ಇನ್ನೊಂದನ್ನು ನೇರವಾಗಿ ಗೇಣುದ್ದ ಎತ್ತಿ 5 ಸೆಕೆಂಡು ಹಿಡಿಯಿರಿ.
3. ಗಟ್ಟಿಯಾದ ಕುರ್ಚಿಯಿಂದ ಎದ್ದು, ನಿಧಾನವಾಗಿ ಕೂರಿರಿ. ಆರಂಭದಲ್ಲಿ ಕೈ ಊರಬಹುದು.

ಪ್ರತಿಯೊಂದನ್ನೂ ಹತ್ತು ಬಾರಿ, ವಾರಕ್ಕೆ ಕನಿಷ್ಠ ಮೂರು ದಿನ ಮಾಡಿರಿ. ಜೊತೆಗೆ ಹತ್ತು ನಿಮಿಷದ ನಡಿಗೆಯಿಂದ ತೊಡಗಿ ಕ್ರಮೇಣ ಹೆಚ್ಚಿಸಿರಿ. ಆರಂಭದಲ್ಲಿ ತುಸು ನೋವು ಸಹಜ. ಹೆಚ್ಚಿದ ನೋವು 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯದಿದ್ದರೆ ಪ್ರಮಾಣವನ್ನು ತಗ್ಗಿಸಿರಿ; ಪೂರ್ತಿ ಬಿಡಬೇಡಿ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು, ನಿಲ್ಲಿಸಿದರೆ ಗುಣವೂ ಕುಗ್ಗುತ್ತದೆ.

ಸ್ಥೂಲಕಾಯರು ಒಂದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ನೋವಿರುವಾಗ ಎತ್ತರದ ಆಸನದಲ್ಲಿ ಕುಳಿತು ಪೂಜೆ ಮಾಡಿದರೆ ನಿಷ್ಠೆಗೆ ಕುಂದಿಲ್ಲ.

ಕೀಲು ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಅಥವಾ ಮೊಣಕಾಲು ಸಿಕ್ಕಿಕೊಂಡಂತಾದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಹೃದ್ರೋಗವುಳ್ಳವರು ಮೊದಲೇ ವೈದ್ಯರನ್ನು ಕೇಳಿಕೊಳ್ಳುವುದು ಲೇಸು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆ ಹಾಗೂ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಈ ನಾಲ್ಕೂ ತಾಲ್ಲೂಕಿನವರಿಗೆ ಸಮೀಪದಲ್ಲಿವೆ. ಒಮ್ಮೆ ತಜ್ಞರ ಮುಂದೆ ವ್ಯಾಯಾಮವನ್ನು ಸರಿಯಾಗಿ ಕಲಿತು, ಬಳಿಕ ನಿತ್ಯದ ಪೂಜೆಯಂತೆ ತಪ್ಪದೆ ಆಚರಿಸಿರಿ.