ಎಸ್ಟೋನಿಯನ್ ಭಾಷೆಗೆ ‘ಭವಿಷ್ಯ’ವೇ ಇಲ್ಲವೇ? ಇಲ್ಲಿದೆ ವಾಸ್ತವ

ಎಸ್ಟೋನಿಯನ್ ಭಾಷೆಯಲ್ಲಿ ಭವಿಷ್ಯತ್ಕಾಲವಿಲ್ಲ, ಹಾಗಾಗಿ ಆ ಜನ ನಾಳೆಯ ಚಿಂತೆಯನ್ನೇ ಮಾಡುವುದಿಲ್ಲ! ಇಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ. ಮೊದಲರ್ಧ ನಿಜ, ಉಳಿದದ್ದು ತಪ್ಪು.

ವರ್ತಮಾನ ರೂಪ ಹೇಗೆ?
‘ಎಲಮ’ ಎಂದರೆ ವಾಸಿಸುವುದು. ಕೊನೆಯ ‘ಮ’ ತೆಗೆದು ಪ್ರತ್ಯಯ ಸೇರಿಸಬೇಕು. ನಾನು ಎಲನ್, ನೀನು ಎಲದ್, ಅವನು ಅಥವಾ ಅವಳು ಎಲಬ್, ನಾವು ಎಲಮೆ, ನೀವು ಎಲತೆ, ಅವರು ಎಲವದ್. ಕೆಲವು ಕ್ರಿಯಾಪದಗಳಲ್ಲಿ ಮೂಲರೂಪವೂ ಸ್ವಲ್ಪ ಬದಲಾಗುತ್ತದೆ. ‘ಇಲ್ಲ’ ಎನ್ನಲು ಎಲ್ಲರಿಗೂ ಒಂದೇ ರೂಪ: ‘ಎಯ್ ಎಲ’. ನಾನು ಬರಲ್ಲ, ಅವಳು ಬರಲ್ಲ ಅಂತೀವಲ್ಲ, ಹಾಗೆ.

ನಾಳೆಯ ಮಾತು ಹೇಗೆ?
ಇದೇ ರೂಪಕ್ಕೆ ‘ಹೊಮ್ಮೆ’ (ನಾಳೆ) ಸೇರಿಸಿದರೆ ಸಾಕು. ಕರ್ಮಪದದ ವಿಭಕ್ತಿಯೂ ಸುಳಿವು ಕೊಡುತ್ತದೆ. ‘ಮ ಒಸ್ತನ್ ರಾಮತುತ್’ ಅಂದರೆ ಪುಸ್ತಕ ಕೊಳ್ಳುತ್ತಿದ್ದೇನೆ. ‘ಮ ಒಸ್ತನ್ ರಾಮತು’ ಅಂದರೆ ಸಾಮಾನ್ಯವಾಗಿ, ಪುಸ್ತಕ ಕೊಂಡುಕೊಳ್ಳುತ್ತೇನೆ.

ನಾವೂ ‘ದಿನಾ ಬರ್ತೀನಿ’, ‘ನಾಳೆ ಬರ್ತೀನಿ’ ಎರಡಕ್ಕೂ ಒಂದೇ ರೂಪ ಬಳಸುತ್ತೇವೆ. ಹಾಗಂತ ನಮಗೆ ನಾಳೆಯ ಚಿಂತೆ ಇಲ್ಲವೇ?

ಸಂಶೋಧನೆ ಏನನ್ನುತ್ತದೆ?
ಅರ್ಥಶಾಸ್ತ್ರಜ್ಞ ಕೀತ್ ಚೆನ್ 2013ರಲ್ಲಿ ಇದಕ್ಕೆ ತದ್ವಿರುದ್ಧವಾದ ವಾದ ಮುಂದಿಟ್ಟರು: ಇಂಥ ಭಾಷೆಯವರು ಹೆಚ್ಚು ಉಳಿತಾಯ ಮಾಡುತ್ತಾರೆ! ಭಾಷೆಗಳ ನಂಟನ್ನೂ ಲೆಕ್ಕಕ್ಕೆ ತೆಗೆದುಕೊಂಡು 2015ರಲ್ಲಿ ಅವರೂ ಸೇರಿ ಮತ್ತೆ ಪರಿಶೀಲಿಸಿದಾಗ ಆ ಸಂಬಂಧ ದುರ್ಬಲವಾಯಿತು.

ವ್ಯಾಕರಣದಲ್ಲಿ ಒಂದು ರೂಪ ಇಲ್ಲವೆಂದರೆ ತಲೆಯಲ್ಲಿ ಆ ಯೋಚನೆಯೇ ಇಲ್ಲ ಎಂದಲ್ಲ. ವ್ಯಾಕರಣ ನೋಡಿ ಜನರ ಗುಣ ಅಳೆಯುವ ಮೆಸೇಜ್‌ಗಳನ್ನು ಅಲ್ಲಿಗೇ ನಿಲ್ಲಿಸಿ.