ಕಾವಲಿಲ್ಲದ ಗಾಳ

ಕಳೆದ ಮಳೆಗಾಲ ಹಿಂದೆ ಸರಿಯುತ್ತಿದ್ದ ದಿನಗಳಲ್ಲಿ ನವಲಗುಂದ ತಾಲೂಕಿನ ತಿರ್ಲಾಪುರಕ್ಕೆ ಹೋಗಿದ್ದೆ. ಹಳೆಯ ಶಿಷ್ಯರೊಬ್ಬರ ಮನೆಯಲ್ಲಿ ರಾತ್ರಿ ಉಳಿದು, ಬೆಳಗಿನ ಜಾವ ರೂಢಿಯಂತೆ ತಿರುಗಾಡಲು ಹೊರಟವನು ಎರೆಹೊಲಗಳ ನಡುವಿನ ಒಂದು ಹಳ್ಳದ ದಂಡೆಗೆ ಬಂದೆ. ಎರೆಯ ನೆಲದ ಹಳ್ಳಗಳ ಸ್ವಭಾವ ಈ ಭಾಗದ ಕೇಳುಗರಿಗೆ ಗೊತ್ತೇ ಇದೆ. ವರ್ಷದ ಬಹುಕಾಲ ಒಣಗಿ ಬಿದ್ದಿದ್ದು, ನಾಲ್ಕು ದಿನ ಊರನ್ನೇ ನುಂಗುವಂತೆ ಬಂದು, ಮತ್ತೆ ಅಲ್ಲೊಂದು ಇಲ್ಲೊಂದು ಮಡುವನ್ನು ಉಳಿಸಿ ಹೋಗುತ್ತವೆ. ಅಂಥ ಒಂದು ಮಡುವಿಗೆ ಅಡ್ಡಲಾಗಿ, ಈಚೆಯ ಜಾಲಿಯ ಬೊಡ್ಡೆಯಿಂದ ಆಚೆಯ ಗೂಟದವರೆಗೆ ನೈಲಾನ್ ಹಗ್ಗವೊಂದನ್ನು ಬಿಗಿದಿದ್ದರು. ಅದರಿಂದ ಮೊಳಕ್ಕೊಂದರಂತೆ ದಾರಗಳು ನೀರಿಗೆ ಇಳಿದಿದ್ದವು. ಎಣಿಸಿದೆ, ಇಪ್ಪತ್ತೆರಡು. ಸುತ್ತಮುತ್ತ ಮನುಷ್ಯರ ಸುಳಿವಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹದಿನಾರರ ಪ್ರಾಯದ ಹುಡುಗನೊಬ್ಬ ಬಂದು ಹಗ್ಗವನ್ನು ದಂಡೆಗೆ ಎಳೆದುಕೊಂಡ. ಎರಡು ಕೊರವ ಮೀನು, ಒಂದು ಬಾಳೆಮೀನು ಸಿಕ್ಕಿದ್ದವು. ಕೊನೆಯ ಗಾಳಕ್ಕೆ ಸಿಕ್ಕಿದ್ದುದು ಅಂಗೈಯಗಲದ ಒಂದು ಆಮೆ. ನೀರಿನಲ್ಲಿ ಬಾಳುವ ಪ್ರಾಣಿಯಾದರೂ ಆಮೆ ಉಸಿರಿಗೆ ಮೇಲಕ್ಕೆ ಬರಲೇಬೇಕು. ದಾರ ಮೋಟಾಗಿತ್ತು, ಅದು ರಾತ್ರಿಯೇ ಸತ್ತಿತ್ತು. ಹುಡುಗ ಅದನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತ.

“ಇದಕ್ಕಂತ ಹಾಕಿದ್ದಲ್ರೀ ಸರ,” ಎಂದ. ಆಮೇಲೆ, ನನ್ನ ಧೋತರ, ಕನ್ನಡಕ ನೋಡಿ ಏನೆಂದುಕೊಂಡನೋ, “ಹಿಂಗ ಗಾಳ ಕಟ್ಟಿ ಬಿಟ್ಟು ಹೋಗೂದು ಕಾಯದೇ ಪ್ರಕಾರ ತಪ್ಪೇನ್ರಿ?” ಎಂದು ಕೇಳಿದ.

ಹಳಗನ್ನಡ ಪಾಠ ಹೇಳುತ್ತ ಆಯುಷ್ಯ ಸವೆಸಿದವನ ಬಳಿ ಇದಕ್ಕೆ ಉತ್ತರವಿರಲಿಲ್ಲ. ತಿಳಿದು ಹೇಳುತ್ತೇನೆಂದು ಮಾತು ಕೊಟ್ಟು ಬಂದೆ. ಆ ಹುಡುಕಾಟದಲ್ಲಿ ಕಂಡದ್ದನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮಲ್ಲಿ ಈ ವಿಷಯದ ಮೂಲ ಕಾಯಿದೆ 1897ರದು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಬ್ರಿಟಿಷ್ ಸರಕಾರದ ಈ ಮೀನುಗಾರಿಕೆಯ ಕಾಯಿದೆ ನಮಗೂ ಅನ್ವಯಿಸಿತು. ಮೈಸೂರು ಸಂಸ್ಥಾನ 1901ರಲ್ಲಿ ತನ್ನದೇ ಆದ ಇನ್ನೊಂದನ್ನು ಮಾಡಿಕೊಂಡಿತು. 1897ರ ಕಾಯಿದೆಯಲ್ಲಿ ಇರುವುದು ಏಳೇ ಕಲಮುಗಳು. ಸಿಡಿಮದ್ದು ಹಾಕಿ ಮೀನು ಕೊಲ್ಲುವುದು, ನೀರಿಗೆ ವಿಷ ಬೆರೆಸುವುದು, ಇವೆರಡನ್ನು ಅದು ನೇರವಾಗಿ ಅಪರಾಧವೆಂದು ಸಾರಿತು. ಉಳಿದ ಬೇಟೆಯ ಬಗೆಗಳನ್ನು ತಾನೇ ನಿಷೇಧಿಸಲಿಲ್ಲ; ಬೇಕಾದ ನೀರುಗಳಿಗೆ ಬೇಕಾದ ನಿಯಮ ಮಾಡುವ ಅಧಿಕಾರವನ್ನು ಪ್ರಾಂತ ಸರಕಾರಗಳಿಗೆ ಬಿಟ್ಟಿತು. ಹಾಗೆ ನಿಯಂತ್ರಿಸಬಹುದಾದವುಗಳಲ್ಲಿ ಒಂದು ‘ಸ್ಥಿರ ಸಾಧನ’. ಅದರ ವ್ಯಾಖ್ಯೆ ಸ್ವಾರಸ್ಯವಾಗಿದೆ. ಮೀನು ಹಿಡಿಯಲೆಂದು ನೆಲಕ್ಕೆ ನೆಟ್ಟ, ಅಥವಾ ಬೇರೆ ಯಾವುದೇ ರೀತಿಯಿಂದ ಕದಲದಂತೆ ಮಾಡಿದ ಬಲೆ, ಪಂಜರ, ಬೋನು ಇಲ್ಲವೆ ಮತ್ತಾವುದೇ ಹೂಟ ಎಂದು ಅದರ ತಾತ್ಪರ್ಯ. ವ್ಯಾಖ್ಯೆಯಲ್ಲಿ ಗಾಳದ ಹೆಸರಿಲ್ಲ. ಆದರೆ ಜಾಲಿಗೂ ಗೂಟಕ್ಕೂ ಬಿಗಿದ ಹಗ್ಗ ‘ಕದಲದಂತೆ ಮಾಡಿದ ಹೂಟ’ ಅಲ್ಲವೆಂದು ವಾದಿಸುವುದು ಕಷ್ಟ. ಕೈಯಲ್ಲಿ ಕೋಲು ಹಿಡಿದು ಕುಳಿತವನ ಗಾಳ ಈ ಮಾತಿನೊಳಗೆ ಬರುವುದಿಲ್ಲ. ಅದೇ ಗಾಳವನ್ನು ಗೂಟಕ್ಕೆ ಕಟ್ಟಿ ಎದ್ದುಹೋದರೆ ಬರುತ್ತದೆ. ಕೊಂಡಿ ಅದೇ, ಎರೆ ಅದೇ; ಮನುಷ್ಯನೊಬ್ಬ ಎದ್ದುಹೋದ, ಅಷ್ಟೇ.

ನಮ್ಮ ಕಾಯಿದೆ ಸುತ್ತುಬಳಸಿ ಹೇಳಿದ್ದನ್ನು ಇಂಗ್ಲೆಂಡಿನವರು 1975ರ ತಮ್ಮ ಕಾಯಿದೆಯಲ್ಲಿ ಬಿಚ್ಚಿ ಹೇಳಿದ್ದಾರೆ. ಎರೆ ಸಿಕ್ಕಿಸಿದ ಒಂದೋ ಹಲವೋ ಗಾಳಗಳಿರುವ, ‘ನೋಡಿಕೊಳ್ಳುವವರಿಲ್ಲದೆ’ ನೀರಿನಲ್ಲಿ ಬಿಟ್ಟ ದಾರವನ್ನೂ, ದಡದಿಂದ ದಡಕ್ಕೆ ಕಟ್ಟಿದ ದಾರವನ್ನೂ ಸಾಲ್ಮನ್, ಟ್ರೌಟ್ ಮತ್ತು ಸಿಹಿನೀರಿನ ಮೀನುಗಳ ಬೇಟೆಗೆ ಬಳಸಬಾರದು. ಗಮನಿಸಿ: ಒಂದು ಗಾಳವಾದರೂ ಅಷ್ಟೇ, ನೂರಾದರೂ ಅಷ್ಟೇ. ಅಮೆರಿಕೆಯ ಮಿಸ್ಸೂರಿ ಪ್ರಾಂತದವರು ಇನ್ನೊಂದು ದಾರಿ ಹಿಡಿದರು. ಅಲ್ಲಿ ಸಾಲುಗಾಳಕ್ಕೆ ಅಡ್ಡಿಯಿಲ್ಲ. ಆದರೆ ಗಾಳಗಳ ಸಂಖ್ಯೆಗೆ ಮಿತಿಯುಂಟು. ಹಗ್ಗದ ಮೇಲೆ ಒಡೆಯನ ಹೆಸರು, ವಿಳಾಸ ಇರಬೇಕು. 24 ಗಂಟೆಗೊಮ್ಮೆಯಾದರೂ ಅವನು ಬಂದು ನೋಡಬೇಕು. ಒಬ್ಬರು ಆ ಮನುಷ್ಯನನ್ನು ದಂಡೆಯ ಮೇಲೆಯೇ ಕೂಡಿಸಿದರು, ಇನ್ನೊಬ್ಬರು ಹೆಸರು ಬರೆಸಿಕೊಂಡು ಮನೆಗೆ ಹೋಗಿಬರಲು ಬಿಟ್ಟರು.

ದಂಡೆಯ ಮೇಲೆ ಕುಳಿತ ಮನುಷ್ಯ ನಮ್ಮ ಸಾಹಿತ್ಯಕ್ಕೆ ಹೊಸಬನಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೊಂದಿದೆ. ಮೀನಿನ ಜಾತಿಗಳು, ಅವುಗಳ ಆಹಾರ, ಗಾಳ ಹಾಕಿ ಎಳೆಯುವ ಬಗೆ, ಎಲ್ಲವನ್ನೂ ಆತ ಬಲ್ಲವನಂತೆ ವಿವರಿಸುತ್ತಾನೆ. ವಿನೋದವೆಂದ ಮೇಲೆ ಅರಸ ತಾನೇ ದಡದಲ್ಲಿ ಇರಬೇಕಲ್ಲವೆ? ಮೀನು ಸಿಕ್ಕಾಗ ಮನೆಯಲ್ಲಿ ಮಲಗಿರುವವನಿಗೆ ವಿನೋದವೆಲ್ಲಿಯದು!

ನನಗೆ ಹೆಚ್ಚು ನೆನಪಾದದ್ದು ಇನ್ನೊಂದು ಕಥೆ. ಸೋಮದೇವಸೂರಿಯ ‘ಯಶಸ್ತಿಲಕ’ 959ರ ಕೃತಿ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು. ಅದರಲ್ಲಿ ಮೃಗಸೇನನೆಂಬ ಬೆಸ್ತನ ಕಥೆ ಬರುತ್ತದೆ. ಮೀನು ಹಿಡಿಯುವುದನ್ನೇ ಬಿಡು ಎಂದರೆ ಅವನಿಗೆ ಹೊಟ್ಟೆಪಾಡಿಲ್ಲ. ಅದಕ್ಕೆ ಮುನಿಯೊಬ್ಬ, ದಿನಕ್ಕೆ ಮೊದಲು ಸಿಕ್ಕ ಮೀನೊಂದನ್ನು ಬಿಟ್ಟುಬಿಡು ಎಂದು ವ್ರತ ಕೊಡುತ್ತಾನೆ. ಅಂದು ಬಲೆಗೆ ಬಿದ್ದ ದೊಡ್ಡ ಮೀನನ್ನು ಗುರುತು ಮಾಡಿ ಬಿಟ್ಟರೆ ಮತ್ತೆ ಮತ್ತೆ ಅದೇ ಬರುತ್ತದೆ. ಐದು ಸಲ ಬಿಡುತ್ತಾನೆ. ಬರಿಗೈಲಿ ಮನೆಗೆ ಬಂದರೆ ಹೆಂಡತಿ ಕದ ಹಾಕಿಕೊಳ್ಳುತ್ತಾಳೆ. ಕಥೆಯ ಮುಂದಿನ ಭವಾವಳಿ ಇಲ್ಲಿ ಬೇಡ. ಈ ವ್ರತ ನಡೆಯಬೇಕಾದರೆ ಮೀನು ಜೀವಂತವಿರುವಾಗ ಬೆಸ್ತ ಅಲ್ಲಿ ಇರಬೇಕು. ತಿರ್ಲಾಪುರದ ಹುಡುಗನಿಗೂ ಆಮೆಯನ್ನು ಬಿಡುವ ಮನಸ್ಸಿತ್ತು. ಬಿಡಲು ಅವನಿರಲಿಲ್ಲ.

ಆ ಆಮೆಯ ವಿಷಯ ಸಣ್ಣದಲ್ಲ. ನಮ್ಮ ಕೆರೆ ಹಳ್ಳಗಳಲ್ಲಿ ಸಾಮಾನ್ಯವಾಗಿ ಕಾಣುವ ಮೆತ್ತನೆಯ ಚಿಪ್ಪಿನ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಆ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗೂ ಹೋಗಬಹುದಾದ ಸೆರೆವಾಸ. ಬೇಟೆಯೆಂಬ ಮಾತಿನಲ್ಲಿ ಕೊಲ್ಲುವುದಷ್ಟೇ ಅಲ್ಲ, ಬೋನಿಗೆ ಕೆಡಹುವುದೂ ಎರೆಯೊಡ್ಡುವುದೂ ಸೇರಿವೆ. ತಿಳಿಯದೆ ಸಿಕ್ಕ ಆಮೆಗಾಗಿ ಯಾರನ್ನೂ ಸೆರೆಗೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಮೀನಿಗಾಗಿ ಕಟ್ಟಿದ ಗಾಳಕ್ಕೆ ಇದು ಮೀನು, ಇದು ಆಮೆ, ಇದು ಬೆಳ್ಳಕ್ಕಿ ಎಂದು ಆರಿಸುವ ಬುದ್ಧಿಯಿಲ್ಲ. ಆ ಬುದ್ಧಿಯಿದ್ದವನು ಹಾಸಿಗೆಯಲ್ಲಿದ್ದಾನೆ.

ಇನ್ನು ಹುಡುಗನ ಪ್ರಶ್ನೆಗೆ ಬರುತ್ತೇನೆ. ಕರ್ನಾಟಕದಲ್ಲಿ ಈಗ ನೋಡಬೇಕಾದದ್ದು 1996ರ ಹೆಸರಿನಲ್ಲಿರುವ ಒಳನಾಡು ಮೀನುಗಾರಿಕೆಯ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮವನ್ನು. ಅದರ ಮೊದಲ ವಿಚಾರಣೆ ನೀರು ಯಾರದು, ಹಿಡಿಯಲು ಪರವಾನಗಿಯೋ ಗುತ್ತಿಗೆಯೋ ಇದೆಯೇ ಎಂಬುದು. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ, ಸಣ್ಣವನ್ನು ಗ್ರಾಮ ಪಂಚಾಯತಿ ಗುತ್ತಿಗೆ ಕೊಡುವುದುಂಟು. ಗುತ್ತಿಗೆದಾರ ಮರಿ ಬಿಟ್ಟು ಬೆಳೆಸಿದ ಕೆರೆಯಲ್ಲಿ ಕದ್ದು ಗಾಳ ಕಟ್ಟಿದರೆ ಅದು ಕಳವೇ ಆಗುತ್ತದೆ, ಗಾಳ ಒಂದಿರಲಿ, ಇಪ್ಪತ್ತೆರಡಿರಲಿ. ಹರಿಯುವ ಹಳ್ಳದ ಮೀನು ಹಿಡಿಯುವವರೆಗೆ ಯಾರ ಸೊತ್ತೂ ಅಲ್ಲವೆಂಬುದು ಹಳೆಯ ನ್ಯಾಯ. ಆದರೂ ಅನುಮತಿಯ ಮಾತು ಅಲ್ಲಿಗೂ ಬರುತ್ತದೆ. ಅಭಯಾರಣ್ಯದೊಳಗಿನ ನೀರಿನ ಮಾತಂತೂ ಬೇರೆಯೇ. ಆದ್ದರಿಂದ ‘ತಪ್ಪು’ ಎಂದು ಒಂದೇ ಮಾತಿನಲ್ಲಿ ಹೇಳಲು ನನಗಾಗಲಿಲ್ಲ. ‘ತಪ್ಪಲ್ಲ’ ಎಂದು ಹೇಳುವ ಧೈರ್ಯವೂ ಬರಲಿಲ್ಲ.

ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು, ಮೊದಲು ಪಂಚಾಯತಿಯಲ್ಲಿ ವಿಚಾರಿಸೆಂದೂ, ಅನುಮತಿ ಸಿಕ್ಕರೂ ಗಾಳ ಕಟ್ಟಿದ ಮೇಲೆ ಅಲ್ಲಿಯೇ ಇರೆಂದೂ ಸೇರಿಸಿ ಶಿಷ್ಯರ ಮೂಲಕ ಕಳಿಸಿದೆ. ಎಂಟು ದಿನಕ್ಕೆ ಅವರು ಫೋನಿನಲ್ಲಿ ಹುಡುಗನ ಮಾತನ್ನು ಅವನ ಧಾಟಿಯಲ್ಲೇ ಒಪ್ಪಿಸಿದರು: “ರಾತ್ರಿಯೆಲ್ಲಾ ಹಳ್ಳದಾಗ ಕುಂತರ ಮುಂಜಾನೆ ಕೂಲಿಗೆ ಯಾರು ಹೋಗಬೇಕ್ರಿ?”

ಕಾಯಿದೆ ಬರೆದವರೂ, ಕಥೆ ಬರೆದ ಸೋಮದೇವನೂ, ನಾನೂ ಈ ಲೆಕ್ಕ ಹಾಕಿರಲಿಲ್ಲ. ಮಲಗಿರುವಾಗಲೂ ದುಡಿಯುವ ಹಗ್ಗವನ್ನು ಬಡವ ಕಟ್ಟುವುದೇ ಹಗಲು ಬೇರೆಯವರ ಹೊಲದಲ್ಲಿ ದುಡಿಯಬೇಕಾದ್ದರಿಂದ. ಇಪ್ಪತ್ತೆರಡರ ಬದಲು ಆರು ಗಾಳ ಸಾಕು, ಉಸಿರಿಗೆ ಮೇಲೆ ಬರುವಷ್ಟು ದಾರ ಉದ್ದ ಬಿಡು, ಸಂಜೆ ಕಟ್ಟಿ ಮಲಗುವ ಮುಂಚೆ ಬಿಚ್ಚಿಕೊಂಡು ಹೋಗು ಎಂದು ಎರಡನೆಯ ಕಾಗದ ಬರೆದಿದ್ದೇನೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.