ಗಣಕ ಮರೆತ ಅರ್ಧ ನೆನಪು

ನಮ್ಮ ಮಕ್ಕಳ ಕನ್ನಡ ತರಗತಿಗೆಂದು ಹ್ಯಾರೋ ಕಡೆಯ ಸದಸ್ಯರೊಬ್ಬರು ತಮ್ಮ ಹಳೆಯ ಗಣಕಯಂತ್ರವನ್ನು ಪ್ರೀತಿಯಿಂದ ಕೊಟ್ಟರು. ಯಂತ್ರ ಗಟ್ಟಿಯಾಗಿಯೇ ಇತ್ತು. ನಡಿಗೆ ಮಾತ್ರ ಏಕಾದಶಿ ಉಪವಾಸ ಮಾಡಿದವರದು. ಮೆಮೊರಿ ಹೆಚ್ಚಿಸಿದರೆ ಚುರುಕಾದೀತೆಂದು ವಂತಿಗೆ ಹಣದಲ್ಲಿ 4 ಜಿಬಿಯ ಎರಡು ಪಟ್ಟಿಗಳನ್ನು ಕೊಂಡು ತಂದೆವು. ಹಾಕಿ ಗುಂಡಿ ಒತ್ತಿದರೆ ಪರದೆಯ ಮೇಲೆ ಕಂಡದ್ದು 8 ಅಲ್ಲ, 4! "ಅಂಗಡಿಯವನು ಟೋಪಿ ಹಾಕಿದ" ಎಂದು ಅಲ್ಲೇ ತೀರ್ಪು ಕೊಟ್ಟು, ಫೋನಿನಲ್ಲಿ ಅವನಿಗೆ ನಾಲ್ಕು ಮಾತು ಆಡಿಯೂ ಬಿಟ್ಟೆವು.

ಈ ದೇಶಕ್ಕೆ ಇಂಥ ಮರೆವು ಹೊಸದಲ್ಲ. 1981ರಲ್ಲಿ ಸಿಂಕ್ಲೇರ್ ಸಂಸ್ಥೆಯ ಝೆಡ್‌ಎಕ್ಸ್81 ಗಣಕ ಬಂದಾಗ, ಜೋಡಿಸಿದ ಯಂತ್ರದ ಬೆಲೆ 69.95 ಪೌಂಡು, ಅದರ ಹೊಟ್ಟೆಯಲ್ಲಿದ್ದ ಮೆಮೊರಿ ಬರೀ 1 ಕೆ, ಅಂದರೆ 1,024 ಬೈಟು. ಬೆನ್ನಿಗೆ 16 ಕೆ ಡಬ್ಬಿಯೊಂದನ್ನು ಸಿಕ್ಕಿಸಬಹುದಿತ್ತು. ಆ ಡಬ್ಬಿ ಕೊಂಚ ಅಲುಗಿದರೂ ಸಾಕು, ಗಂಟೆಗಟ್ಟಲೆ ಬೆರಳಚ್ಚು ಮಾಡಿದ್ದೆಲ್ಲ ಮಾಯ! ಜನ ಬ್ಲೂಟ್ಯಾಕ್ ಮೆತ್ತಿ ಡಬ್ಬಿಯನ್ನು ಕೂರಿಸುತ್ತಿದ್ದರು. ಗುಂಡಿ ಒತ್ತಿದಾಗ ಯಂತ್ರವೇ ತನ್ನ ಮೆಮೊರಿಯನ್ನು ಎಣಿಸುತ್ತಿತ್ತು. 16388 ಮತ್ತು 16389ನೆಯ ಮನೆಗಳಲ್ಲಿ ಏನಿದೆಯೆಂದು ಕೇಳಿ ಲೆಕ್ಕ ಹಾಕಿದರೆ, ಡಬ್ಬಿ ಸರಿಯಾಗಿ ಕೂತಿದ್ದಾಗ 32768, ಕೂರದಿದ್ದಾಗ 17408 ಎಂಬ ಉತ್ತರ ಬರುತ್ತಿತ್ತು. ಯಂತ್ರ ತನಗೆ ಮುಟ್ಟಿದ್ದನ್ನಷ್ಟೇ ಎಣಿಸುತ್ತದೆ. ಇದೇ ಮಾತು ಇಂದಿಗೂ ನಿಜ.

ಆದ್ದರಿಂದ ನಾವೂ ಮೊದಲು ಮುಟ್ಟಿದೆಯೇ ಎಂದು ನೋಡಬೇಕಿತ್ತು. ವಿದ್ಯುತ್ ತಂತಿ ಕಿತ್ತು, ಲೋಹದ ಚೌಕಟ್ಟನ್ನು ಮುಟ್ಟಿ ಮೈಯ ಸ್ಥಾಯೀವಿದ್ಯುತ್ತನ್ನು ಕಳೆದುಕೊಂಡು, ಪಟ್ಟಿಗಳನ್ನು ಅಂಚಿನಲ್ಲಿ ಹಿಡಿದು ತೆಗೆದೆವು. ಒಂದು ಪಟ್ಟಿಯ ಕೊಂಡಿ ಪೂರ್ತಿ ಬಿದ್ದಿರಲಿಲ್ಲ. ಮತ್ತೆ ಎರಡೂ ಕಡೆ 'ಟಿಕ್' ಎನ್ನುವವರೆಗೆ ಒತ್ತಿದೆವು. ಈಗ ಬಯೋಸ್ ಪರದೆಯಲ್ಲಿ 8 ಜಿಬಿ ಬಂತು. ಸಂತೋಷಪಟ್ಟು ವಿಂಡೋಸ್ ತೆರೆದರೆ, "ಇರುವುದು 8, ಬಳಕೆಗೆ 3.4" ಎಂಬ ವಿಚಿತ್ರ ಜಮಾಖರ್ಚು!

ಇದರ ಗುಟ್ಟು ಸಂಖ್ಯೆಯಲ್ಲಿದೆ. ಯಂತ್ರದಲ್ಲಿದ್ದದ್ದು 32 ಬಿಟ್ಟಿನ ವಿಂಡೋಸ್. ಅದರ ಅಂಚೆಯವನ ಹತ್ತಿರ ಇರುವುದು ಸುಮಾರು 429 ಕೋಟಿ ಮನೆ ನಂಬರುಗಳು. ಒಂದು ಮನೆಗೆ ಒಂದು ಬೈಟು, ಒಟ್ಟು 4 ಜಿಬಿ. ಅದರಲ್ಲೂ ಒಂದಷ್ಟು ನಂಬರುಗಳನ್ನು ಪರದೆಗೆ ಚಿತ್ರ ಮೂಡಿಸುವ ಭಾಗ ಮೊದಲಾದ ಯಂತ್ರಾಂಗಗಳಿಗೆ ಮೀಸಲಿಡಬೇಕು. ಬೀದಿ ಎಷ್ಟೇ ಉದ್ದವಿದ್ದರೂ ನಂಬರಿಲ್ಲದ ಮನೆಗೆ ಟಪಾಲು ಬರುವುದಿಲ್ಲ. ಪ್ರೊಸೆಸರು ತಾಳುವುದಾದರೆ 64 ಬಿಟ್ಟಿನ ವ್ಯವಸ್ಥೆ ಹಾಕುವುದೇ ಇದಕ್ಕೆ ಮದ್ದು. ಎಲ್ಲರ ತೊಂದರೆಯೂ ಇದೇ ಆಗಿರಬೇಕಿಲ್ಲ. ಕೆಲವೊಮ್ಮೆ ಎಂಎಸ್‌ಕಾನ್ಫಿಗ್‌ನ ಬೂಟ್ ವಿಭಾಗದಲ್ಲಿ 'ಮ್ಯಾಕ್ಸಿಮಮ್ ಮೆಮೊರಿ' ಎಂಬಲ್ಲಿ ಯಾರೋ ಗುರುತು ಹಾಕಿರುತ್ತಾರೆ. ಅದನ್ನು ತೆಗೆದು ಯಂತ್ರವನ್ನು ಮತ್ತೆ ಶುರುಮಾಡಿದರೆ ಸಾಕು.

32ರಿಂದ 64ಕ್ಕೆ ಹೋಗಲು ಹೊಸದಾಗಿ ವಿಂಡೋಸ್ ಹಾಕಬೇಕು. ನಮ್ಮ ಉತ್ಸಾಹಿ ತರುಣರೊಬ್ಬರು ಡಿಸ್ಕನ್ನು ಅಳಿಸಲು ಬೆರಳೆತ್ತಿಯೇ ಬಿಟ್ಟಿದ್ದರು. "ತಡಿಯಪ್ಪಾ, ಒಳಗೆ ಏನಿದೆ ನೋಡೋಣ" ಎಂದರು ಹಿರಿಯರೊಬ್ಬರು. ನೋಡಿದರೆ, ಯಂತ್ರ ಕೊಟ್ಟವರ ತಾಯಿಯ ಧ್ವನಿ! ಈಗಿಲ್ಲದ ಆ ಅಮ್ಮ ಮೊಮ್ಮಕ್ಕಳಿಗೆಂದು ಹೇಳಿದ ಊರಿನ ಕಥೆಗಳು, ಒಗಟುಗಳು. ಬೇರೆಲ್ಲೂ ಪ್ರತಿ ಇರಲಿಲ್ಲ. ಅವು ಅಲ್ಲಿದ್ದದ್ದು ಮಗನಿಗೂ ಮರೆತುಹೋಗಿತ್ತು. ಎರಡು ಕಡೆ ಪ್ರತಿ ತೆಗೆದು, ಎರಡನ್ನೂ ತೆರೆದು ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಕೆಲಸ.

ಈಗ ಯಂತ್ರ 8 ಜಿಬಿಯನ್ನೂ ಗುರುತಿಸುತ್ತದೆ. ಚಿತ್ರ ಮೂಡಿಸುವ ಭಾಗ ಕೊಂಚ ಪಾಲು ಎತ್ತಿಡುತ್ತದೆ; ಅದು ಕಳವಲ್ಲ. ಮುಂದಿನ ಶನಿವಾರವೇ ಅಂಗಡಿಗೆ ಹೋಗಿ, ಒಂದು ಡಬ್ಬಿ ಕೋಡುಬಳೆ ಕೊಟ್ಟು ಕ್ಷಮೆ ಕೇಳಿ ಬಂದೆವು. ತರಗತಿಯಲ್ಲಿ ಮಕ್ಕಳು ಆ ಅಮ್ಮನ ಒಗಟು ಬಿಡಿಸುತ್ತಿದ್ದಾರೆ. ನಿಮ್ಮ ಅಟ್ಟದಲ್ಲಿಯೂ ಹಳೆಯ ಯಂತ್ರವಿದ್ದರೆ ಕೊಡಿ. ಕೊಡುವ ಮೊದಲು ಒಮ್ಮೆ ತೆರೆದು ನೋಡಿ.